ಬೆನ್ನಿಗೆ ಕಟ್ಟಿದ ಹಾಳೆ ತಟ್ಟೆ

ಇದು ನಡೆದದ್ದು ಹೋದ ವರ್ಷ ಆಷಾಢದಲ್ಲಿ. ಉಬ್ರಾಣಿ ಹತ್ತಿರ, ಗಾಯಗೊಂಡ ಕಾಡುಪ್ರಾಣಿಗಳನ್ನು ಇಟ್ಟು ನೋಡಿಕೊಳ್ಳುವ ಒಂದು ಸಣ್ಣ ಜಾಗದಲ್ಲಿ ನಾನು ಕೆಲಸಕ್ಕೆ ಸೇರಿ ಆಗ ಒಂದು ವರ್ಷವಾಗಿತ್ತು. ಈಗಲೂ ಅಲ್ಲೇ ಇದ್ದೇನೆ. ನನ್ನ ಹೆಸರು ತಿಪ್ಪೇಶ. ಊರು ಜಗಳೂರು ಕಡೆ. ಏಳನೇ ತರಗತಿ ಅರ್ಧಕ್ಕೆ ಬಿಟ್ಟವನು. ಬರೆದು ಅಭ್ಯಾಸವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಅಲ್ಲಿ ನಾವು ಮೂರೇ ಜನ. ಒಬ್ಬರು ಡಾಕ್ಟರಮ್ಮ. ಮೈಸೂರಿನವರು, ಪ್ರಾಣಿಗಳ ಡಾಕ್ಟರು. ಇನ್ನೊಬ್ಬರು ರಹಮತ್ ಚಾಚಾ. ಹುಟ್ಟಿದ್ದು ಹೊನ್ನಾಳಿಯಲ್ಲಿ, ಮನೆ ಮಾಡಿಕೊಂಡಿರುವುದು ನಲ್ಲೂರಿನಲ್ಲಿ. ಮರಗೆಲಸದವರು. ಪಂಜರ ಮಾಡಿಕೊಡಲು ಬಂದವರು, ದಿನಾ ಒಂದಲ್ಲ ಒಂದು ರಿಪೇರಿ ಇರುತ್ತಿದ್ದರಿಂದ ಅಲ್ಲೇ ಉಳಿದುಬಿಟ್ಟರು. ವಯಸ್ಸು ಅರವತ್ತರ ಹತ್ತಿರ, ಯಾವಾಗಲೂ ಸೊಂಟ ನೋವು. ಮೂರನೆಯವನು ನಾನು. ಗುಡಿಸುವುದು, ತೊಳೆಯುವುದು, ಪ್ರಾಣಿಗಳಿಗೆ ತಿನ್ನಲು ಹಾಕುವುದು ನನ್ನ ಕೆಲಸ.

ನಮ್ಮಲ್ಲಿ ಒಂದು ಹೆಣ್ಣು ಹೆಬ್ಬಾವು ಇತ್ತು. ಹನ್ನೊಂದು ಅಡಿ ಉದ್ದ, ನನ್ನ ತೊಡೆಯಷ್ಟು ದಪ್ಪ. ನ್ಯಾಮತಿ ಕಡೆ ಮೆಕ್ಕೆಜೋಳದ ಹೊಲದಲ್ಲಿ ಯಂತ್ರಕ್ಕೆ ಸಿಕ್ಕು ಬಾಲದ ಹತ್ತಿರ ಒಂದು ಗೇಣು ಸೀಳಿಹೋಗಿತ್ತು. ನಾವು ಅದನ್ನು ದೊಡ್ಡಕ್ಕ ಎಂದು ಕರೆಯುತ್ತಿದ್ದೆವು. ಹೆಸರಿಟ್ಟವರು ಚಾಚಾ. ಅದರ ಗಾಯಕ್ಕೆ ಔಷಧಿ ಹಚ್ಚಬೇಕೆಂದರೆ ಉಬ್ರಾಣಿಯಿಂದ ಇನ್ನೂ ನಾಲ್ಕು ಜನರನ್ನು ಕರೆಸಿ ಅದುಮಿ ಹಿಡಿಯಬೇಕಿತ್ತು. ಅದು ಬುಸುಗುಟ್ಟಿ ಒದ್ದಾಡುತ್ತಿತ್ತು. ಗಾಯ ಮತ್ತೆ ಬಿಚ್ಚಿಕೊಳ್ಳುತ್ತಿತ್ತು. ತಿಂದದ್ದನ್ನೆಲ್ಲ ಕಕ್ಕಿಬಿಡುತ್ತಿತ್ತು.

ಹೀಗೇ ಆದರೆ ಇದು ಬದುಕುವುದಿಲ್ಲ, ಹಿಡಿದು ತರುವ ಬದಲು ಅದೇ ಬರುವ ಹಾಗೆ ಮಾಡಬೇಕು, ಅದಕ್ಕೆ ಕಲಿಸೋಣ ಎಂದರು ಡಾಕ್ಟರಮ್ಮ. ನಾನು ನಗಲಿಲ್ಲ, ಸಂಬಳ ಕೊಡುವವರ ಮುಂದೆ ನಗಬಾರದು. ಚಾಚಾ ನಕ್ಕರು.

"ನಾನೇ ಮೂರನೇ ಕ್ಲಾಸಿಗೇ ಇಸ್ಕೂಲು ಬಿಟ್ಟೋನು. ಈಗ ಹಾವಿಗೆ ಪಾಠ ಹೇಳ್ಬೇಕಾ ಮೇಡಂ?"

ಪಾಠ ಶುರುವಾಯಿತು. ಊಟಕ್ಕೆ ಬಳಸುತ್ತಾರಲ್ಲ, ಅಡಿಕೆ ಹಾಳೆ ತಟ್ಟೆ, ಅದಕ್ಕೆ ಕಪ್ಪು ಬಣ್ಣ ಬಳಿದು ಒಂದು ಕೋಲಿನ ತುದಿಗೆ ಸಿಕ್ಕಿಸಿದರು. ಕೋಣೆಯ ಗೋಡೆ ಸುಣ್ಣ ಬಳಿದದ್ದು, ಬೆಳ್ಳಗಿತ್ತು. ಕಪ್ಪು ತಟ್ಟೆ ಹಾವಿಗೆ ಎದ್ದು ಕಾಣಲಿ ಎಂದು ಆ ಬಣ್ಣ. ತಟ್ಟೆಯನ್ನು ಹಾವಿನ ಮುಂದೆ ಹಿಡಿಯಬೇಕು. ಅದು ಬಂದು ಮೂಗು ತಾಗಿಸಿದರೆ, ಸತ್ತ ಕೋಳಿಮರಿಯೊಂದನ್ನು ಉದ್ದದ ಇಕ್ಕಳದಲ್ಲಿ ಹಿಡಿದು ಪಕ್ಕಕ್ಕೆ ಚಾಚಬೇಕು. ತಟ್ಟೆ ಮುಟ್ಟಿದರೆ ಊಟ. ಅಷ್ಟೇ ಪಾಠ. ಹೊಡೆಯುವಂತಿಲ್ಲ, ಎಳೆಯುವಂತಿಲ್ಲ, ಬೈಯುವಂತೆಯೂ ಇಲ್ಲ.

ಇದು ನಾಯಿಗೆ ಕಲಿಸಿದ ಹಾಗಲ್ಲ. ನಾಯಿಗೆ ದಿನಕ್ಕೆ ಹತ್ತು ಸಲ ಬಿಸ್ಕತ್ತು ಹಾಕಬಹುದು. ಹೆಬ್ಬಾವು ಎಂಟು ಹತ್ತು ದಿನಕ್ಕೊಮ್ಮೆ ತಿನ್ನುತ್ತದೆ, ಹಾಗಾಗಿ ಪಾಠವೂ ಎಂಟು ಹತ್ತು ದಿನಕ್ಕೊಮ್ಮೆ. ಮೊದಲ ಎರಡು ತಿಂಗಳು ಅದು ಮೂಲೆಯಿಂದ ಅಲ್ಲಾಡಲೇ ಇಲ್ಲ. ನನಗೆ ತಾಳ್ಮೆ ಕಡಿಮೆ. ಇದೆಲ್ಲ ಆಗದ ಕೆಲಸ ಎಂದು ಬಾಯಿಬಿಟ್ಟೇ ಹೇಳಿದೆ. ಮೂರನೇ ತಿಂಗಳು ಒಂದು ದಿನ ತಲೆ ಎತ್ತಿ ತಟ್ಟೆ ಕಡೆ ನೋಡಿತು. ಐದನೇ ತಿಂಗಳಿಗೆ ತಟ್ಟೆ ಹಿಡಿದ ಕಡೆಗೆಲ್ಲ ಬರತೊಡಗಿತು. ಕೋಣೆ ಎರಡು ಭಾಗ, ನಡುವೆ ಮೇಲಕ್ಕೆತ್ತುವ ಒಂದು ಹಲಗೆ ಬಾಗಿಲು. ತಟ್ಟೆ ತೋರಿಸಿದರೆ ಆ ಕಡೆಗೆ ತಾನಾಗಿ ಹೋಗುತ್ತಿತ್ತು. ಅಲ್ಲಿ ಊಟ ಕೊಟ್ಟು ಬಾಗಿಲು ಇಳಿಸಿದರೆ ಈ ಕಡೆ ನಾನು ಆರಾಮಾಗಿ ತೊಳೆಯಬಹುದಿತ್ತು. ನಾಲ್ಕು ಜನ ಬೇಕಾಗಿದ್ದ ಕೆಲಸ ಒಂದು ತಟ್ಟೆಯಿಂದ ಆಗುತ್ತಿತ್ತು.

ಆಮೇಲೆ ಡಾಕ್ಟರಮ್ಮ ಅದಕ್ಕೆ ಕಾಯುವುದನ್ನೂ ಕಲಿಸಿದರು. ಮೂಗು ತಾಗಿಸಿದ ಕೂಡಲೇ ಕೊಡದೆ ಐದು ಎಣಿಸಿ ಕೊಡುವುದು, ಆಮೇಲೆ ಹತ್ತು, ಆಮೇಲೆ ಇಪ್ಪತ್ತು. ಔಷಧಿ ಹಚ್ಚುವಷ್ಟು ಹೊತ್ತು ಅದು ತಟ್ಟೆಗೆ ಮೂಗಿಟ್ಟುಕೊಂಡು ಸುಮ್ಮನಿರಲಿ ಎಂದು. ಹಸಿದದ್ದನ್ನು ಹೀಗೆ ಯಾಕೆ ಕಾಯಿಸುತ್ತೀರಿ ಎಂದು ನನಗೆ ಸಿಟ್ಟೇ ಬರುತ್ತಿತ್ತು.

ಆಷಾಢದ ಜಡಿ ಮಳೆ ಹಿಡಿಯಿತು. ಆ ವಾರ ಡಾಕ್ಟರಮ್ಮ ತಂಗಿಯ ಮಗುವಿನ ಹನ್ನೊಂದನೇ ದಿನದ ನಾಮಕರಣಕ್ಕೆ ಮೈಸೂರಿಗೆ ಹೋಗಿದ್ದರು. ಅವರು ಹೋದ ಮಾರನೇ ದಿನವೇ ಆ ಹಲಗೆ ಬಾಗಿಲು ನೀರು ಕುಡಿದು ಉಬ್ಬಿ ಕಚ್ಚಿಕೊಂಡಿತು. ಮೇಲಕ್ಕೂ ಬರಲಿಲ್ಲ, ಕೆಳಕ್ಕೂ ಹೋಗಲಿಲ್ಲ. ಮೂರು ದಿನದಿಂದ ಕೋಣೆ ತೊಳೆದಿರಲಿಲ್ಲ. ಹಾವು ಹೇತು ಗಲೀಜಾಗಿತ್ತು. ಬಾಲದ ಗಾಯ ಅದೇ ಗಲೀಜಿನಲ್ಲಿ ಬಿದ್ದಿತ್ತು. ಕೀವಾದರೆ ಇಷ್ಟು ತಿಂಗಳ ಕಷ್ಟವೆಲ್ಲ ನೀರುಪಾಲು.

ಬೆಳಿಗ್ಗೆ ಹತ್ತರ ಸುಮಾರಿಗೆ ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ನಮ್ಮಲ್ಲಿ ನೀರಿನ ಟ್ಯಾಂಕ್ ಮೇಲೆ ಹತ್ತಿದರೆ ಮಾತ್ರ ಸಿಗ್ನಲ್ ಸಿಗುತ್ತದೆ. ಗಾಳಿ ಬೀಸುತ್ತಿತ್ತು. ಅವರ ಕಡೆ ನಾಮಕರಣದ ಗದ್ದಲ. ಬಾಗಿಲಿನ ವಿಷಯ ಹೇಳಿ, ಹಾವು ಒಳಗಿರುವಾಗಲೇ ಹೋಗಿ ಗುಡಿಸಬಹುದಾ ಎಂದು ಕೇಳಿದೆ. ಗುಡಿಸಬಹುದು, ಒಬ್ಬರು ಒಳಗೆ ಹೋಗಿ, ಇನ್ನೊಬ್ಬರು ಹೊರಬಾಗಿಲಲ್ಲಿ ಅಡ್ಡ ಹಲಗೆ ಹಿಡಿದು ನಿಲ್ಲಿ ಎಂದರು. ಆಮೇಲೆ ಅವರು ಹೇಳಿದ್ದು ನನ್ನ ಕಿವಿಗೆ ಕೇಳಿಸಿದ್ದು ಹೀಗೆ:

"ಮೊದ್ಲು ತಟ್ಟೆ. ಮುಖದ ಕಡೆ ಬೇಡ, ಬೆನ್ನಿಗೆ. ಆಮೇಲೆ ಒಳಗೆ ಹೋಗಿ. ಗೊತ್ತಾಯ್ತಾ?"

ಗೊತ್ತಾಯ್ತು ಮೇಡಂ ಎಂದೆ. ನಿಜ ಹೇಳಬೇಕೆಂದರೆ ಗೊತ್ತಾಗಿರಲಿಲ್ಲ. ಇನ್ನೊಂದು ಸಲ ಕೇಳಬಹುದಿತ್ತು. ಓದಿದವರ ಹತ್ತಿರ ಎರಡೆರಡು ಸಲ ಕೇಳಿದರೆ ದಡ್ಡ ಅಂದುಕೊಳ್ಳುತ್ತಾರೆ ಎಂದು ನನಗೆ ನಾಚಿಕೆ. ಚಿಕ್ಕಂದಿನಿಂದಲೂ ಅಷ್ಟೇ. ಅರ್ಥವಾಗದಿದ್ದರೂ ತಲೆಯಾಡಿಸಿ ಬರುವುದು.

ಟ್ಯಾಂಕ್ ಇಳಿಯುತ್ತಾ ನನ್ನ ತಲೆಯಲ್ಲೇ ಲೆಕ್ಕ ಹಾಕಿದೆ. ತಟ್ಟೆ ಮುಖದ ಮುಂದೆ ಹಿಡಿದರೆ ಊಟ ಎಂದು ಹಾವಿಗೆ ಗೊತ್ತು. ಇವತ್ತು ಊಟವಿಲ್ಲ. ಹಾಗಾದರೆ ತಟ್ಟೆ ಬೆನ್ನಿಗಿರಬೇಕು. ಬೆನ್ನಿಗೆ ತಟ್ಟೆ ಕಟ್ಟಿಕೊಂಡು ಬಂದವನು ಊಟ ಕೊಡುವವನಲ್ಲ ಎಂದು ಅದು ಸುಮ್ಮನಿರುತ್ತದೆ. ಸರಿಯಾಗೇ ಇದೆ ಅನ್ನಿಸಿತು. ಈಗ ನೆನೆದರೆ ನನ್ನ ತಲೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಚಾಚಾನ ಹತ್ತಿರ ಬಂದು, ತಟ್ಟೆ ಬೆನ್ನಿಗೆ ಕಟ್ಟಿಕೊಂಡು ಹೋಗಬೇಕಂತೆ, ಡಾಕ್ಟರಮ್ಮನೇ ಹೇಳಿದರು ಎಂದೆ. ಕಟ್ಟಿಕೊಳ್ಳಿ ಎಂದು ಅವರು ಹೇಳಿರಲೇ ಇಲ್ಲ. ಅದು ನಾನು ಸೇರಿಸಿದ್ದು. ಚಾಚಾ ನನ್ನನ್ನು ಒಂದು ಕ್ಷಣ ನೋಡಿದರು.

"ಬೆನ್ನಿಗಾ?"

"ಹೂಂ. ಬೆನ್ನಿಗೇ ಅಂದ್ರು."

"ಓದಿದೋರು ಏನೇಳ್ತಾರೋ ಏನೋ. ಕಟ್ಟು ಮತ್ತೆ."

ಒಳಗೆ ಹೋಗಬೇಕಾದವನು ನಾನು. ಗುಡಿಸುವುದು ನನ್ನ ಕೆಲಸ. ಆದರೆ ಚಾಚಾ ಒಪ್ಪಲಿಲ್ಲ. ಬಾಗಿಲಲ್ಲಿ ಹಲಗೆ ಹಿಡಿಯಲು ಗಟ್ಟಿ ಆಳು ಬೇಕು, ಹಾವು ನುಗ್ಗಿದರೆ ನನ್ನ ಕೈಲಿ ತಡಿಯಾಕೆ ಆಗಲ್ಲ, ಹೆಂಗಿದ್ರೂ ಆ ಬಾಗಿಲು ಎಲ್ಲಿ ಕಚ್ಚೈತೆ ಅಂತ ಒಳಗಿಂದ ನೋಡ್ಬೇಕು ಎಂದು ತಾವೇ ಹೊರಟರು. ಕೋಲಿನಿಂದ ತಟ್ಟೆ ಬಿಚ್ಚಿ, ಎರಡು ತೂತು ಮಾಡಿ, ಸುತಲಿ ದಾರ ಹಾಕಿ ಅವರ ಬೆನ್ನಿಗೆ ಕಟ್ಟಿದೆ. ಬಿಳಿ ಬನಿಯನ್ನಿನ ಮೇಲೆ ಕಪ್ಪು ತಟ್ಟೆ. ಕೇರಂ ಬೋರ್ಡಿನ ತೂತಿದ್ದ ಹಾಗಿದೆ ಎಂದು ನಾನು ನಕ್ಕೆ. ಅವರೂ ನಕ್ಕರು. ಒಳಗೆ ಹೋದರು.

ದೊಡ್ಡಕ್ಕ ಮೂಲೆಯಲ್ಲಿ ಸುತ್ತಿಕೊಂಡು ಮಲಗಿತ್ತು. ಚಾಚಾ ಅದಕ್ಕೆ ಬೆನ್ನು ಮಾಡಿ, ಎದುರಿನ ಮೂಲೆಯಿಂದ ಬಗ್ಗಿ ಗುಡಿಸತೊಡಗಿದರು. ಎರಡು ನಿಮಿಷ ಏನೂ ಆಗಲಿಲ್ಲ. ಒಂದು ಬಕೆಟ್ ನೀರು ಕೊಡು ಎಂದರು. ನಾನು ಹಲಗೆಯನ್ನು ಬಾಗಿಲಿಗೆ ಒರಗಿಸಿ, ಹಿಂದೆಯೇ ಇದ್ದ ನಲ್ಲಿಯಲ್ಲಿ ನೀರು ಹಿಡಿದೆ. ತಿರುಗಿ ನೋಡಿದಾಗ ಮೂಲೆ ಖಾಲಿ.

ಹಾವು ಚಾಚಾನ ಹಿಂದಿತ್ತು. ನೆಲದಿಂದ ಮೂರು ಅಡಿ ತಲೆ ಎತ್ತಿ, ಅವರ ಬಗ್ಗಿದ ಬೆನ್ನಿನ ಮೇಲೆ, ಕಪ್ಪು ತಟ್ಟೆಯ ನಡುಮಧ್ಯಕ್ಕೆ ಮೂಗು ಇಟ್ಟುಕೊಂಡು ನಿಂತಿತ್ತು. ಕಲಿಸಿದ ಹಾಗೇ. ಅದು ಕಾಯುತ್ತಿತ್ತು.

ನನಗೆ ಎಲ್ಲ ಒಟ್ಟಿಗೇ ಹೊಳೆಯಿತು. ಊಟ ಕೊಟ್ಟು ಒಂಬತ್ತು ದಿನವಾಗಿದೆ. ಅದು ತಟ್ಟೆ ಮುಟ್ಟಿದೆ. ಈಗ ಊಟ ಬರಬೇಕು. ಬರದಿದ್ದರೆ, ಎದುರಿಗೆ ಬಿಸಿಬಿಸಿ ಇರುವುದು ಒಂದೇ. ಚಾಚಾನ ಕುತ್ತಿಗೆ. ಮೂಗಿನಿಂದ ಒಂದು ಗೇಣು ದೂರ. ಹನ್ನೊಂದು ಅಡಿ ಹಾವು ಕುತ್ತಿಗೆಗೆ ಸುತ್ತಿಕೊಂಡರೆ ನಾನೊಬ್ಬನೇ ಬಿಡಿಸಲಾರೆ.

"ಚಾಚಾ, ಅಲ್ಲಾಡಬ್ಯಾಡ್ರಿ."

"ಯಾಕೋ?"

"ಕೇಳಬ್ಯಾಡ್ರಿ. ಹಂಗೇ ಇರ್ರಿ."

"ಬಗ್ಗಿದೀನಿ ಕಣೋ. ಸೊಂಟ ಹಿಡ್ಕಂತೈತೆ."

"ಹಿಡ್ಕಂಡ್ರೆ ಹಿಡ್ಕಳ್ಳಿ. ದೊಡ್ಡಕ್ಕ ನಿಮ್ ಬೆನ್ನಿಗೈತೆ."

ಪೊರಕೆ ಹಿಡಿದ ಅವರ ಕೈ ಹಾಗೇ ನಿಂತಿತು. ತುಟಿ ಮಾತ್ರ ಅಲ್ಲಾಡುತ್ತಿತ್ತು, ಏನೋ ಹೇಳಿಕೊಳ್ಳುತ್ತಿದ್ದರು.

ಇಕ್ಕಳ ಬಾಗಿಲ ಪಕ್ಕದ ಮೊಳೆಯಲ್ಲೇ ಇತ್ತು. ಕೋಳಿಮರಿ ಇರಲಿಲ್ಲ. ರೆಕ್ಕೆ ಮುರಿದ ಒಂದು ಹದ್ದಿಗೆಂದು ಎರಡು ಮರಿಗಳನ್ನು ಐಸ್ ಪೆಟ್ಟಿಗೆಯಿಂದ ತೆಗೆದು, ಹದ್ದಿನ ಪಂಜರದ ಹತ್ತಿರ ಬಕೆಟ್ ನೀರಿಗೆ ಹಾಕಿದ್ದೆ. ಅಲ್ಲಿಗೆ ಹದಿನೈದು ಹೆಜ್ಜೆ. ಚಾಚಾನನ್ನು ಬಿಟ್ಟು ಹೋಗಬೇಕು. ಓಡುವಂತಿಲ್ಲ, ನೆಲ ಅದುರಿದರೆ ಹಾವಿಗೆ ಗೊತ್ತಾಗುತ್ತದೆ. ಚಪ್ಪಲಿ ಬಿಟ್ಟೆ. ಮನಸ್ಸಿನಲ್ಲಿ ಎಣಿಸುತ್ತಾ ನಡೆದೆ. ನಾವು ಅದಕ್ಕೆ ಕಾಯಲು ಕಲಿಸಿದ್ದು ಇಪ್ಪತ್ತರವರೆಗೆ. ನಾನು ಬಕೆಟ್ ಮುಟ್ಟುವಾಗಲೇ ಹದಿನೆಂಟು.

ಮರಿ ಮೆತ್ತಗಾಗಿತ್ತು, ಆದರೆ ತಣ್ಣಗಿತ್ತು. ತಣ್ಣಗಿದ್ದರೆ ಹೆಬ್ಬಾವಿಗೆ ಅದು ಊಟ ಎಂದೇ ಗೊತ್ತಾಗುವುದಿಲ್ಲ ಎಂದು ಡಾಕ್ಟರಮ್ಮ ಯಾವತ್ತೋ ಹೇಳಿದ್ದರು. ಎರಡನ್ನೂ ಅಂಗಿಯೊಳಗೆ ಹಾಕಿ ಕಂಕುಳಲ್ಲಿ ಒತ್ತಿಕೊಂಡೆ. ನೀರು ಸೊಂಟದವರೆಗೆ ಇಳಿಯಿತು. ಹಾಗೇ ನಡೆದು ಬಂದೆ. ಎಣಿಕೆ ನಲವತ್ತು ದಾಟಿತ್ತು.

ಅದು ಇನ್ನೂ ಕಾಯುತ್ತಿತ್ತು. ಒಂದು ಸಲ ಮೂಗು ಹಿಂದಕ್ಕೆ ತೆಗೆದು ಮತ್ತೆ ತಟ್ಟೆಗೆ ತಾಗಿಸಿತು. ನಾನು ಮುಟ್ಟಿದ್ದು ನೀವು ನೋಡಲಿಲ್ಲವಾ ಅಂದ ಹಾಗಿತ್ತು. ಆಮೇಲೆ ನಾಲಿಗೆ ಚಾಚಿ ಮೇಲಕ್ಕೆ, ಕುತ್ತಿಗೆಯ ಕಡೆಗೆ ಸರಿಯತೊಡಗಿತು.

ಇಕ್ಕಳದಲ್ಲಿ ಒಂದು ಮರಿ ಸಿಕ್ಕಿಸಿ ಹಲಗೆಯ ಮೇಲಿಂದ ಚಾಚಿದೆ. ಹಾವು ಇತ್ತ ನಾಲಿಗೆ ಆಡಿಸಿತು. ಮತ್ತೆ ಅತ್ತ ತಿರುಗಿತು. ಚಾಚಾ ಇದಕ್ಕಿಂತ ಬಿಸಿಯಿದ್ದರು. ನಾನು ಅರ್ಧ ಮೈ ಒಳಗೆ ಹಾಕಿ, ಮರಿಯನ್ನು ಅದರ ತಲೆಯ ಪಕ್ಕಕ್ಕೇ ತಂದು ಮೆಲ್ಲಗೆ ದವಡೆಗೆ ತಾಗಿಸಿದೆ. ಯಾವಾಗ ತಿರುಗಿತು, ಯಾವಾಗ ಹಿಡಿಯಿತು ಎಂದು ಕಾಣಲಿಲ್ಲ. ಇಕ್ಕಳ ನನ್ನ ಕೈಯಿಂದ ಕಿತ್ತುಕೊಂಡು ಹೋಯಿತು. ಹಾವು ನೆಲಕ್ಕೆ ಬಿದ್ದು, ಆ ಒಂದು ಹಿಡಿ ಮರಿಗೆ ಮೈಯೆಲ್ಲ ಸುತ್ತಿ ಅದುಮತೊಡಗಿತು.

"ಬರ್ರಿ ಚಾಚಾ. ಈಗ ಬರ್ರಿ. ನಿಧಾನಕ್ಕೆ."

ಸೊಂಟ ನಿಜವಾಗಲೂ ಹಿಡಿದುಕೊಂಡಿತ್ತು. ನೆಟ್ಟಗಾಗಲು ಆಗಲಿಲ್ಲ. ಕೈಕಾಲು ಊರಿ ಗೋಡೆಯ ಬದಿಯಲ್ಲೇ ಬಂದರು. ನಾನು ತೋಳು ಹಿಡಿದು ಹೊರಗೆಳೆದು ಬಾಗಿಲು ಹಾಕಿ ಚಿಲಕ ಹಾಕಿದೆ. ಎರಡೆರಡು ಸಲ ಎಳೆದು ನೋಡಿದೆ. ಆಮೇಲೆ ಇಬ್ಬರೂ ಕೆಸರಿನಲ್ಲೇ ಕುಳಿತೆವು. ಮಳೆ ಹನಿಯುತ್ತಿತ್ತು. ಅವರ ಕುತ್ತಿಗೆ ಮುಟ್ಟಿ ನೋಡಿದೆ. ಒಂದು ಗೀರೂ ಇರಲಿಲ್ಲ. ನನಗೆ ಅಳು ಬಂತು, ಅದನ್ನು ಮುಚ್ಚಿಡಲೂ ಹೋಗಲಿಲ್ಲ.

ಚಾಚಾ ದಾರ ಕಿತ್ತು ತಟ್ಟೆಯನ್ನು ಪಕ್ಕಕ್ಕೆಸೆದರು. ಆಮೇಲೆ ಹೇಳಿದರು:

"ನೀ ಹೇಳಾಕೆ ಮೊದ್ಲೇ ಬೆನ್ನಿಗೆ ಏನೋ ತಾಗ್ತು ಕಣೋ. ನೀನೇ ಕೋಲಾಗೆ ತಿವೀತಿದೀಯ ಅನ್ಕಂಡಿದ್ದೆ. ಹೊರಗೆ ಬಂದು ಎರಡು ಬಿಗೀಬೇಕು ಅಂತಿದ್ದೆ."

ಆಮೇಲೆ ಬಾಗಿಲ ಕಡೆ ತಿರುಗಿ, "ಪೊರಕೆ ಒಳಗೇ ಉಳೀತಲ್ಲೋ" ಎಂದರು. ಅದಕ್ಕೆ ಇಬ್ಬರಿಗೂ ನಗು ಬಂದು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಏನು ನಗುವಂಥದ್ದು ಇತ್ತು ಎಂದು ಈಗ ಕೇಳಿದರೆ ಗೊತ್ತಿಲ್ಲ.

ಮತ್ತೆ ಟ್ಯಾಂಕ್ ಹತ್ತಿ ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ. ನಾನು ಏನೆಂದೆ ಎಂದು ಅವರು ನನ್ನಿಂದಲೇ ಇನ್ನೊಂದು ಸಲ ಹೇಳಿಸಿದರು.

"ನಾನು ತಟ್ಟೆ ಅನ್ಲಿಲ್ಲ ತಿಪ್ಪೇಶ. ತಟ್ಟಿ ಅಂದೆ. ಕೋಲಲ್ಲಿ ಹಾವಿನ ಬೆನ್ನು ಮೆಲ್ಲಗೆ ತಟ್ಟಿ ಅಂತ."

ಆಗ ಅರ್ಥವಾಯಿತು. ಊಟವಿಲ್ಲದ ದಿನ ಒಳಗೆ ಹೋಗುವಾಗ ಅವರು ಹಾವಿನ ಬೆನ್ನನ್ನು ಕೋಲಿನಿಂದ ಮೆಲ್ಲಗೆ ತಟ್ಟುತ್ತಿದ್ದರು. ತಟ್ಟಿದರೆ ಇವತ್ತು ಊಟವಿಲ್ಲ ಎಂದು ಹಾವು ಕಲಿತಿತ್ತು. ಅದನ್ನು ನಾನು ದೂರದಿಂದ ನೋಡಿದ್ದೆ, ಹಾವನ್ನು ಸರಿಸುತ್ತಿದ್ದಾರೆ ಅಂದುಕೊಂಡಿದ್ದೆ. ಹಾವಿಗೆ ಗೊತ್ತಿದ್ದದ್ದು ನಮಗೆ ಗೊತ್ತಿರಲಿಲ್ಲ.

"ತಟ್ಟಾಕೆ ಹೇಳೋದಾದ್ರೆ ತಟ್ರಿ ಅನ್ಬೇಕಲ್ಲ ಮೇಡಂ" ಎಂದೆ. ನಮ್ಮ ಕಡೆ ಯಾರೂ ತಟ್ಟಿ ಎನ್ನುವುದಿಲ್ಲ. ಮಾಡ್ರಿ, ಹೋಗ್ರಿ, ತಟ್ರಿ. ಅವರ ಮೈಸೂರಿನಲ್ಲಿ ಮಾಡಿ, ಹೋಗಿ, ತಟ್ಟಿ. ಅವರು ಗೌರವ ಕೊಟ್ಟು ಹೇಳಿದ ಮಾತು ನನ್ನ ಕಿವಿಯಲ್ಲಿ ಊಟದ ತಟ್ಟೆಯಾಗಿತ್ತು.

ಅವರು ನಾಮಕರಣದ ಊಟವನ್ನೂ ಮಾಡದೆ ಬಸ್ಸು ಹತ್ತಿದರು. ತಪ್ಪು ನನ್ನದು, ತಟ್ಟುವುದನ್ನು ನಿಮಗೆ ಮೊದಲೇ ಕಲಿಸಬೇಕಿತ್ತು ಎಂದು ಫೋನಿನಲ್ಲೇ ಎರಡು ಸಲ ಹೇಳಿದರು. ಆದರೆ ಕಟ್ಟಿಕೊಳ್ಳಿ ಎಂಬ ಮಾತು ಯಾರದ್ದು ಎಂದು ನನಗೆ ಗೊತ್ತಿತ್ತಲ್ಲ.

ಮಧ್ಯಾಹ್ನವೇ ಚಾಚಾನನ್ನು ನಲ್ಲೂರಿಗೆ ಕರೆದುಕೊಂಡು ಹೋದೆ. ಚನ್ನಗಿರಿಯಲ್ಲಿ ಬಸ್ಸು ಬದಲಾಯಿಸಲು ಕುಳಿತಿದ್ದೆವು. ಅವರು ಸೊಂಟ ಹಿಡಿದುಕೊಂಡು ಟೀ ಕುಡಿಯುತ್ತಿದ್ದರು. ಹೇಳದೆ ಇದ್ದರೂ ನಡೆಯುತ್ತಿತ್ತು. ಹೇಳಿಬಿಟ್ಟೆ. ಡಾಕ್ಟರಮ್ಮ ಕಟ್ಟಾಕೆ ಹೇಳಿರಲಿಲ್ಲ, ನನಗೆ ಸರಿಯಾಗಿ ಕೇಳಿಸಿರಲಿಲ್ಲ, ಇನ್ನೊಂದು ಸಲ ಕೇಳಲು ನಾಚಿಕೆಯಾಯಿತು, ನಾನೇ ಸೇರಿಸಿ ಹೇಳಿದೆ ಎಂದೆ. ಕೆನ್ನೆಗೆ ಬೀಳುತ್ತದೆ ಎಂದು ಕಾದೆ. ಬಿದ್ದಿದ್ದರೆ ಒಳ್ಳೆಯದಿತ್ತು.

ಚಾಚಾ ಟೀ ಮುಗಿಸಿ ಲೋಟ ಕೆಳಗಿಟ್ಟರು.

"ನಾನೂ ಕೇಳ್ಬೋದಿತ್ತಲ್ಲೋ. ಬೆನ್ನಿಗೆ ತಟ್ಟೆ ಕಟ್ಕಂಡು ಯಾವನಾದ್ರೂ ಕಸ ಗುಡಿಸ್ತಾನಾ? ಅದು ಹಾವು, ಆದ್ರೂ ಹೇಳ್ಕೊಟ್ಟಂಗೆ ಕೇಳ್ತು. ನಾವಿಬ್ರೂ ಕೇಳ್ಲಿಲ್ಲ."

ನಲ್ಲೂರಿನಲ್ಲಿ ಅವರ ಹೆಂಡತಿ ಏನಾಯಿತು ಎಂದು ಕೇಳಿದರು. ಸೊಂಟ ಎಂದಷ್ಟೇ ಹೇಳಿದರು ಚಾಚಾ. ನಾಲ್ಕು ದಿನ ಕೆಲಸಕ್ಕೆ ಬರಲಿಲ್ಲ. ಇನ್ನು ಬರುವುದಿಲ್ಲ ಎಂದೇ ನಾನು ತಿಳಿದಿದ್ದೆ. ಐದನೇ ದಿನ ಬೆಳಿಗ್ಗೆ ಆ ಉಬ್ಬಿದ ಬಾಗಿಲು ಹೆರೆಯಲು ಉಜ್ಜುಗೊರಡು ಹಿಡಿದು ಬಸ್ಸಿನಿಂದ ಇಳಿದರು. ಅವರನ್ನು ನೋಡಿದಾಗ ಎದೆಯ ಮೇಲಿದ್ದ ಭಾರ ಯಾರೋ ಇಳಿಸಿದ ಹಾಗಾಯಿತು.

ದೊಡ್ಡಕ್ಕನ ಗಾಯ ಈಗ ವಾಸಿಯಾಗಿದೆ. ಒಳಗೆ ಹೋಗುವ ಮೊದಲು ನಾನೂ ತಟ್ಟುತ್ತೇನೆ, ಚಾಚಾನೂ ತಟ್ಟುತ್ತಾರೆ. ಡಾಕ್ಟರಮ್ಮ ನಮ್ಮ ಹತ್ತಿರ ತಟ್ರಿ ಎಂದೇ ಹೇಳುತ್ತಾರೆ, ಅವರ ಬಾಯಲ್ಲಿ ಅದು ಕೇಳಲು ತಮಾಷೆಯಾಗಿರುತ್ತದೆ. ನಾನು ಮಾತ್ರ ಒಂದು ಕಲಿತೆ. ಅರ್ಥವಾಗದಿದ್ದರೆ ಕೇಳುವುದು. ಒಂದು ಸಲಕ್ಕೆ ಆಗದಿದ್ದರೆ ಎರಡು ಸಲ, ಮೂರು ಸಲ. ದಡ್ಡ ಅಂದರೆ ಅನ್ನಲಿ. ಇದರಿಂದ ಹೆಚ್ಚು ರೇಗುವವರು ಚಾಚಾನೇ. ಉಳಿ ಕೊಡು ಎಂದರೂ ಯಾವ ಉಳಿ, ದೊಡ್ಡದಾ ಸಣ್ಣದಾ ಎಂದು ಕೇಳುತ್ತೇನೆ. ಕಿವಿ ಮಂದ ಏನೋ ನಿಂಗೆ, ಎಷ್ಟು ಸಲ ಬಡ್ಕಬೇಕು ಎಂದು ಕೂಗಾಡುತ್ತಾರೆ. ಅವರು ಕೂಗಾಡುವುದನ್ನು ಕೇಳುತ್ತಾ ನಿಲ್ಲುವುದೇ ನನಗೆ ಒಂದು ನೆಮ್ಮದಿ. ಬೈಯಲು ಮನುಷ್ಯ ಇದ್ದಾರಲ್ಲ.